ಬೇರೆಯವರ ಸೈಟಿಗೆ ಬರೆದುಕೊಟ್ಟ ಲೇಖನದಲ್ಲಿ ನಾನು ಹೇಳದ ಮಾತು ಸೇರಿಕೊಂಡಿದೆ, ಏನು ಮಾಡಲಿ?

ನೀಲಿಶಾಯಿ:

ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ. ಎರಡು ವರ್ಷದಿಂದ ಬೇರೆ ಬೇರೆ ಸೈಟುಗಳಿಗೆ ಅತಿಥಿ ಲೇಖನ ಬರೆಯುತ್ತಿದ್ದೇನೆ. ದುಡ್ಡಿಗಲ್ಲ. ಹೆಸರು ನಾಲ್ಕು ಕಡೆ ಕಾಣಲಿ, ಓದಿದವರು ನನ್ನ ಬ್ಲಾಗಿಗೂ ಬರಲಿ ಅಂತ. ಈ ಸಲ ಒಂದು ಆರೋಗ್ಯದ ಸೈಟಿಗೆ ರಾತ್ರಿ ಫೋನ್ ನೋಡುವುದು ಮತ್ತು ನಿದ್ದೆಯ ಬಗ್ಗೆ 1,400 ಪದಗಳ ಲೇಖನ ಕೊಟ್ಟೆ. ಒಂದೇ ವಾರದಲ್ಲಿ "ತುಂಬಾ ಚೆನ್ನಾಗಿದೆ, ಹಾಕುತ್ತೇವೆ" ಅಂತ ಮೇಲ್ ಬಂತು. ಆಮೇಲೆ ಒಂದೂವರೆ ತಿಂಗಳು ಸದ್ದಿಲ್ಲ. ಮೊನ್ನೆ ಸುಮ್ನೆ ನನ್ನ ಹೆಸರು ಹುಡುಕಿದಾಗ ಗೊತ್ತಾಯಿತು, ಲೇಖನ ಬಂದು ಆಗಲೇ ಹದಿನೆಂಟು ದಿನ ಆಗಿದೆ.

ತೆರೆದರೆ ಶೀರ್ಷಿಕೆ ಬೇರೆ. ಲೇಖಕರ ಪರಿಚಯದಲ್ಲಿ ನನ್ನ ಬ್ಲಾಗಿನ ಲಿಂಕ್ ಮಾಯ. ಅದೆಲ್ಲ ಹೋಗಲಿ. ನಾನು ಬರೆದಿದ್ದು ಹೀಗೆ: "ಮಲಗುವ ಒಂದು ಗಂಟೆ ಮೊದಲು ಫೋನನ್ನು ಬೇರೆ ಕೋಣೆಯಲ್ಲಿ ಇಡಲು ಶುರು ಮಾಡಿದ ಮೇಲೆ ನನಗೆ ಬೇಗ ನಿದ್ದೆ ಹತ್ತುತ್ತಿದೆ." ಈಗ ಅಲ್ಲಿ ಇರುವುದು: "ಮಲಗುವ ಒಂದು ಗಂಟೆ ಮೊದಲು ಈ ಮಾತ್ರೆ ತೆಗೆದುಕೊಳ್ಳಲು ಶುರು ಮಾಡಿದ ಮೇಲೆ ನನಗೆ ಬೇಗ ನಿದ್ದೆ ಹತ್ತುತ್ತಿದೆ." "ಈ ಮಾತ್ರೆ" ಅನ್ನುವ ಕಡೆ ಲಿಂಕ್. ಒತ್ತಿದರೆ ಅಂಗಡಿ ತೆರೆದುಕೊಳ್ಳುತ್ತದೆ. ಆ ಮಾತ್ರೆಯ ಡಬ್ಬಿ ಹೇಗಿದೆ ಅಂತಲೂ ನನಗೆ ಗೊತ್ತಿಲ್ಲ. ಕೆಳಗೆ ನನ್ನ ಹೆಸರು, ನನ್ನ ಫೋಟೋ.

ಮೂರು ಮೇಲ್ ಹಾಕಿದೆ. ಮೊದಲ ಎರಡು ಮರ್ಯಾದೆಯಾಗಿ. ಮೂರನೆಯದು ರಾತ್ರಿ ಹನ್ನೆರಡೂವರೆಗೆ ಬರೆದದ್ದು. ಅದರಲ್ಲಿ "ಮೋಸ" ಅನ್ನುವ ಪದ ನಾಲ್ಕು ಸಲ ಇದೆ, ಈಗ ಓದಿದರೆ ನನಗೇ ಮುಜುಗರ. (ಹೌದು, ಹಾಸಿಗೆಯಲ್ಲಿ ಫೋನ್ ಹಿಡಿದುಕೊಂಡೇ ಬರೆದದ್ದು.) ಬಂದ ಉತ್ತರ ಒಂದೇ ಸಾಲು: "ಪ್ರಕಟವಾದ ಮೇಲೆ ಲೇಖನ ಸೈಟಿನದು, ಬದಲಾವಣೆ ಸಾಧ್ಯವಿಲ್ಲ."

ಸ್ನೇಹಿತರು ಸ್ಕ್ರೀನ್‌ಶಾಟ್ ಸಮೇತ ಎಲ್ಲರ ಮುಂದೆ ಹಾಕಿಬಿಡು ಅನ್ನುತ್ತಿದ್ದಾರೆ. ನನಗೆ ಧೈರ್ಯವೂ ಇಲ್ಲ, ಬಿಡೋಕೂ ಮನಸ್ಸಿಲ್ಲ. ಇಂಥದ್ದನ್ನು ದಾಟಿ ಬಂದವರು ಯಾರಾದರೂ ಇದ್ದೀರಾ?

ರಾತ್ರಿಪಾಳಿ:

ಹಾಕಿಬಿಡಿ. ಮೂರು ಮೇಲ್ ಆಯ್ತಲ್ಲ, ಇನ್ನೇನು ಪೂಜೆ ಮಾಡಬೇಕಾ ಅವರಿಗೆ? ಬಿಟ್ಟಿ ಬರೆಸಿಕೊಂಡು ಮೇಲಿಂದ ಈ ಧಿಮಾಕು. ಇಂಥವರಿಗೆ ನಾಲ್ಕು ಜನ ನೋಡಿ ಛೀ ಅಂದರೆ ಮಾತ್ರ ಕಿವಿ ಕೇಳುತ್ತದೆ.

ಹಳೆಪೆನ್ನು:

ನೀಲಿಶಾಯಿ ಅವರೇ, ಇನ್ನೊಂದು ಮೇಲ್ ಹಾಕುವುದಕ್ಕೆ ಮುಂಚೆ ಮೊದಲು ಸಾಕ್ಷಿ ಇಟ್ಟುಕೊಳ್ಳಿ. ಇವತ್ತೇ. ಪುಟದ ಪೂರ್ತಿ ಸ್ಕ್ರೀನ್‌ಶಾಟ್, ಮೇಲಿನ ವಿಳಾಸ ಮತ್ತು ತಾರೀಕು ಕಾಣುವ ಹಾಗೆ. ಆಮೇಲೆ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ "ಸೇವ್ ಪೇಜ್ ನೌ" ಅಂತ ಇದೆ, ಅಲ್ಲಿ ಆ ವಿಳಾಸ ಹಾಕಿ ಒತ್ತಿದರೆ ಪುಟ ಈಗ ಹೇಗಿದೆಯೋ ಹಾಗೇ ಒಂದು ಪ್ರತಿ ಉಳಿಯುತ್ತದೆ, ಅದಕ್ಕೆ ಸಮಯದ ಮುದ್ರೆಯೂ ಬೀಳುತ್ತದೆ. ಸೈಟಿನವರು ಕೇಳಿಕೊಂಡರೆ ಆರ್ಕೈವ್‌ನವರು ಪ್ರತಿ ತೆಗೆಯುವುದೂ ಉಂಟು, ಅದಕ್ಕೇ ಸ್ಕ್ರೀನ್‌ಶಾಟ್ ಕೂಡ ಇರಲಿ ಅಂದದ್ದು. ನೀವು ಕಳಿಸಿದ ಮೂಲ ಫೈಲ್ ಸೆಂಟ್ ಮೇಲ್‌ನಲ್ಲಿ ಇರಬೇಕಲ್ಲ, ಅದನ್ನು ಯಾವ ಕಾರಣಕ್ಕೂ ಅಳಿಸಬೇಡಿ.

ಈಗ ಜಗಳದ ವಿಷಯ. ನೀವು ಮೂರು ದೂರು ಹೇಳಿದ್ದೀರಿ, ಮೂರೂ ಒಂದೇ ತೂಕದ್ದಲ್ಲ. ಶೀರ್ಷಿಕೆ ಬದಲಾಯಿಸುವುದು ಸಂಪಾದಕರ ಕೆಲಸ, ಎಲ್ಲ ಕಡೆ ಮಾಡುತ್ತಾರೆ, ಬೇಜಾರಾದರೂ ನುಂಗಿಕೊಳ್ಳಿ. ಬ್ಲಾಗಿನ ಲಿಂಕ್ ತೆಗೆದದ್ದು ಮಾತಿಗೆ ತಪ್ಪಿದ ಹಾಗೆ, ಆದರೆ ಅವರು ಲಿಂಕ್ ಕೊಡುತ್ತೇವೆ ಅಂತ ಬರೆದುಕೊಟ್ಟಿದ್ದರಾ? ಇಲ್ಲ ಅಂದರೆ ಅದೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಮೂರನೆಯದು ಮಾತ್ರ ಬೇರೆ ಜಾತಿ. "ನಾನು ಮಾತ್ರೆ ನುಂಗಿದೆ" ಅಂತ ನಿಮ್ಮ ಬಾಯಲ್ಲಿ ಹೇಳಿಸಿದ್ದಾರೆ. ಯಾರೋ ನಂಬಿ ತೆಗೆದುಕೊಂಡು ಏನಾದರೂ ಆದರೆ ಮೊದಲು ಹುಡುಕುವುದು ನಿಮ್ಮನ್ನು.

ಮೂರನ್ನೂ ಒಟ್ಟಿಗೆ ಕಟ್ಟಿ ಕಳಿಸಿದರೆ ಅವರು ಹಗುರವಾದದ್ದನ್ನು ಹಿಡಿದುಕೊಂಡು ವಾದ ಮಾಡುತ್ತಾರೆ, ಭಾರವಾದದ್ದು ಹಾಗೇ ಜಾರಿಹೋಗುತ್ತದೆ. ಆ ಒಂದು ವಾಕ್ಯ ಮಾತ್ರ ಹಿಡಿಯಿರಿ.

ಖಾಲಿಪುಟ:

ರಾತ್ರಿಪಾಳಿ ಅವರೇ, ನಾನು ಹಾಕಿದ್ದೆ. ನಿಮ್ಮ ಸಲಹೆ ಹೇಗಿರುತ್ತದೆ ಅಂತ ನನ್ನ ಅನುಭವ ಕೇಳಿ. ನನ್ನದು ಇದಕ್ಕಿಂತ ಸಣ್ಣ ಜಗಳ, ಹೆಸರನ್ನು ತಪ್ಪಾಗಿ ಹಾಕಿ ಎರಡು ವಾರ ಸರಿ ಮಾಡಲಿಲ್ಲ ಅಂತ. ಸೈಟಿನ ಹೆಸರು ಹಿಡಿದು ಉದ್ದಕ್ಕೆ ಬರೆದೆ. ಮೂರು ದಿನ ಎಲ್ಲರೂ ನನ್ನ ಪರ. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಎಲ್ಲರೂ ಮರೆತರು, ಹುಡುಕಾಟದ ಪುಟ ಮಾತ್ರ ಮರೆಯಲಿಲ್ಲ. ಮುಂದಿನ ವರ್ಷ ಬೇರೊಂದು ಸೈಟಿಗೆ ಐಡಿಯಾ ಕಳಿಸಿದೆ, ಅಲ್ಲಿನ ಸಂಪಾದಕಿ ನೇರವಾಗಿಯೇ ಕೇಳಿದರು, "ನಮ್ಮ ಜೊತೆಗೂ ಹೀಗೇ ಮಾಡುತ್ತೀರಾ?" ನಾನು ಹೇಳಿದ್ದು ಸತ್ಯವೇ ಆಗಿತ್ತು. ಆದರೂ ಬಾಯಿ ಕಟ್ಟಿಹೋಯಿತು.

ಕೊನೇ ದಾರಿ ಅಂತ ಅದು ಇರಲಿ. ಮೊದಲನೇ ವಾರಕ್ಕೇ ಬೇಡ.

ಬಾಗಿಲಕಾವಲು:

ಇಲ್ಲಿ ಎಲ್ಲರೂ ಬರೆಯುವವರೇ, ನಾನೊಬ್ಬ ಆ ಕಡೆಯವನು. ಸಣ್ಣ ಸೈಟ್ ನಡೆಸುತ್ತೇನೆ, ಅತಿಥಿ ಲೇಖನ ತೆಗೆದುಕೊಳ್ಳುತ್ತೇನೆ. ಹೊಡೆಯುವ ಮೊದಲು ಪೂರ್ತಿ ಓದಿ.

ಮೊದಲೇ ಹೇಳಿಬಿಡುತ್ತೇನೆ, ಈ ಓನರ್ ಮಾಡಿದ್ದು ತಪ್ಪು, ಎರಡು ಮಾತಿಲ್ಲ. ಆದರೆ "ಉತ್ತರವೇ ಕೊಡಲ್ಲ, ಧಿಮಾಕು" ಅಂತ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ನನ್ನ ಇನ್‌ಬಾಕ್ಸ್ ಒಮ್ಮೆ ನೋಡಿದರೆ ಗೊತ್ತಾಗುತ್ತದೆ. ಬೆಳಿಗ್ಗೆ ತೆರೆದರೆ "ಡಿಯರ್ ಅಡ್ಮಿನ್, ನಿಮ್ಮ ಅದ್ಭುತ ಸೈಟಿಗೆ" ಅಂತ ಶುರುವಾಗುವ ಮೇಲ್‌ಗಳ ಸಾಲು. ಒಬ್ಬರಂತೂ ಒಂದೇ ಲೇಖನವನ್ನು ನನಗೂ ಇನ್ನಿಬ್ಬರಿಗೂ ಕಳಿಸಿ, ಮೂರೂ ಕಡೆ ಬಂದ ಮೇಲೆ "ಅಯ್ಯೋ ಗೊತ್ತಾಗಲಿಲ್ಲ" ಅಂದರು. ಇನ್ನು ಕೆಲವರು ಪ್ರಕಟವಾಗಿ ಆರು ತಿಂಗಳಾದ ಮೇಲೆ ಬಂದು "ಇಲ್ಲೊಂದು ಲಿಂಕ್ ಸೇರಿಸಿ" ಅನ್ನುತ್ತಾರೆ. "ಪ್ರಕಟವಾದ ಮೇಲೆ ಬದಲಾವಣೆ ಇಲ್ಲ" ಅನ್ನುವ ನಿಯಮ ನನ್ನ ಸೈಟಿನಲ್ಲೂ ಇದೆ, ಹುಟ್ಟಿದ್ದು ಇಂಥವರಿಂದಲೇ. ನೀಲಿಶಾಯಿ ಅವರಿಗೆ ಬಂದ ಒಂದು ಸಾಲು ಬಹುಶಃ ಅಂಥ ರೆಡಿಮೇಡ್ ಉತ್ತರ. ನಿಮ್ಮ ಮೇಲ್ ಓದಿಯೇ ಇಲ್ಲ ಅಂತ ನನ್ನ ಊಹೆ.

ಲಿಂಕಿನ ಜಗಳದ ಮೂಲವೂ ಸ್ವಲ್ಪ ಹಳೆಯದು. ಬೇರೆ ಸೈಟಿನಿಂದ ಲಿಂಕ್ ಸಿಕ್ಕರೆ ಗೂಗಲ್ ಹುಡುಕಾಟದಲ್ಲಿ ಮೇಲೆ ಬರಬಹುದು ಅಂತ ಲಿಂಕಿಗೋಸ್ಕರ ಬರೆಯುವ ಲೇಖನ ಎಷ್ಟು ಜಾಸ್ತಿ ಆಯ್ತು ಅಂದರೆ 2014ರ ಜನವರಿಯಲ್ಲಿ ಹುಡುಕಾಟದಲ್ಲಿ ಮೋಸ ಮಾಡುವ ಸೈಟುಗಳನ್ನು ತಡೆಯುವ ಗೂಗಲ್‌ನ ವೆಬ್‌ಸ್ಪ್ಯಾಮ್ ತಂಡದ ಮ್ಯಾಟ್ ಕಟ್ಸ್ ತಮ್ಮ ಬ್ಲಾಗಿನಲ್ಲೇ ಇನ್ನು ಇದನ್ನು ನಿಲ್ಲಿಸಿ ಅಂತ ಬರೆದರು. ಒಳ್ಳೆಯ ಅತಿಥಿ ಲೇಖನದ ಬಗ್ಗೆ ತಕರಾರಿಲ್ಲ, ಎಸ್‌ಇಒ ಲಾಭಕ್ಕೆ, ಅಂದರೆ ಹುಡುಕಾಟದಲ್ಲಿ ಮೇಲೆ ಬರುವುದಕ್ಕೆ, ಬರೆಯುವುದರ ಬಗ್ಗೆ ಮಾತ್ರ ಅಂತ ಆಮೇಲೆ ಸೇರಿಸಿದರು. ಅಲ್ಲಿಂದ ನನ್ನಂಥವರಿಗೆ ಹೆದರಿಕೆ. ನಾನು ಅತಿಥಿಗಳ ಲಿಂಕಿಗೆಲ್ಲ ನೋಫಾಲೋ ಹಾಕುತ್ತೇನೆ. ಅದು 2005ರಿಂದ ಇರುವ ಗುರುತು, ಈ ಲಿಂಕಿಗೆ ನಮ್ಮ ಶಿಫಾರಸು ಇದೆ ಅಂತ ಎಣಿಸಬೇಡಿ ಅಂತ ಹುಡುಕುವ ಯಂತ್ರಕ್ಕೆ ಹೇಳುತ್ತದೆ. ಓದುವವರಿಗೆ ಏನೂ ವ್ಯತ್ಯಾಸ ಇಲ್ಲ, ಒತ್ತಿದರೆ ನಿಮ್ಮ ಬ್ಲಾಗ್ ತೆರೆಯುತ್ತದೆ. ಅಷ್ಟಕ್ಕೇ ನನ್ನ ಜೊತೆ ಜಗಳ ಮಾಡಿ ಲೇಖನ ವಾಪಸ್ ತೆಗೆದುಕೊಂಡವರಿದ್ದಾರೆ!

ಈಗ ಮಾತ್ರೆ ವಿಷಯ. ಆ ಲಿಂಕನ್ನು ಅವರು ಮಾರಿಕೊಂಡಿರುವ ಸಾಧ್ಯತೆ ಜಾಸ್ತಿ. ಲೇಖನದ ನಡುವೆ ಜಾಗ ಮಾರುವುದು ಒಂದು ದೊಡ್ಡ ವ್ಯಾಪಾರ. ದುಡ್ಡು ತೆಗೆದುಕೊಂಡ ಲಿಂಕಿಗೆ "ಸ್ಪಾನ್ಸರ್ಡ್" ಅನ್ನುವ ಗುರುತು ಹಾಕಿ ಅಂತ ಗೂಗಲ್ 2019ರ ಸೆಪ್ಟೆಂಬರ್‌ನಲ್ಲಿ ಹೇಳಿದೆ, ನೋಫಾಲೋ ಇದ್ದರೂ ನಡೆಯುತ್ತದೆ. ಕಂಪ್ಯೂಟರಿನಲ್ಲಿ ಆ ಲಿಂಕಿನ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಒತ್ತಿ, ಇವೆರಡರಲ್ಲಿ ಯಾವುದಾದರೂ ಇದೆಯಾ ನೋಡಿ. ಹಾಗೇ ಸೈಟಿನ ಬೇರೆ ಅತಿಥಿ ಲೇಖನಗಳನ್ನೂ ಒಮ್ಮೆ ಕಣ್ಣಾಡಿಸಿ.

ನೀಲಿಶಾಯಿ:

ಬಾಗಿಲಕಾವಲು ಅವರೇ, ನೋಡಿದೆ. ಯಾವ ಗುರುತೂ ಇಲ್ಲ. ಇನ್ನೂ ಮಜಾ ಏನು ಗೊತ್ತಾ, ಬೇರೆ ಇಬ್ಬರು ಅತಿಥಿಗಳ ಲೇಖನದಲ್ಲೂ ಅದೇ ಮಾತ್ರೆ ಇದೆ. ಒಬ್ಬರದು ಓಟದ ಬಗ್ಗೆ, ಇನ್ನೊಬ್ಬರದು ಬೆನ್ನುನೋವಿನ ಬಗ್ಗೆ. ಎಲ್ಲರಿಗೂ "ಶುರು ಮಾಡಿದ ಮೇಲೆ ಬೇಗ ನಿದ್ದೆ ಹತ್ತುತ್ತಿದೆ". ನನ್ನ ವಾಕ್ಯವನ್ನೇ ಕದ್ದು ಅವರಿಬ್ಬರ ಬಾಯಿಗೂ ತುರುಕಿದ್ದಾರೆ!

"ಗೂಗಲ್‌ಗೆ ದೂರು ಕೊಡುತ್ತೇನೆ" ಅಂತ ಹೆದರಿಸಲಾ?

ರಾತ್ರಿಪಾಳಿ:

ಹೆದರಿಸಿ. ಅವರಿಬ್ಬರನ್ನೂ ಹುಡುಕಿ ಜೊತೆಗೆ ಸೇರಿಸಿಕೊಳ್ಳಿ.

ಹಳೆಪೆನ್ನು:

ಅವರಿಬ್ಬರಿಗೆ ಹೇಳುವುದು ಸರಿ. ಅವರಿಗೂ ಗೊತ್ತಿಲ್ಲದೇ ಇರಬಹುದು. "ನಿಮ್ಮ ಲೇಖನದಲ್ಲಿ ಈ ಸಾಲು ನೀವೇ ಬರೆದದ್ದಾ?" ಅಂತ ಕೇಳಿದರೆ ಸಾಕು, ಗುಂಪು ಕಟ್ಟುವುದು ಬೇಡ.

ಹೆದರಿಸುವುದಂತೂ ಬೇಡ. ದೂರು ಕೊಡಬೇಕು ಅನಿಸಿದರೆ ಕೊಡಿ, ಅದು ನಿಮ್ಮಿಷ್ಟ. ಆದರೆ "ಇದು ಮಾಡದಿದ್ದರೆ ಅದು ಮಾಡುತ್ತೇನೆ" ಅಂತ ಬರೆದ ಕ್ಷಣ ನಿಮ್ಮ ಮೇಲ್ ಬ್ಲ್ಯಾಕ್‌ಮೇಲ್ ಥರ ಓದಿಸಿಕೊಳ್ಳುತ್ತದೆ, ಅವರು ಅದರ ಸ್ಕ್ರೀನ್‌ಶಾಟ್ ಹಿಡಿದು ಓಡಾಡುತ್ತಾರೆ. ಲಿಂಕ್ ಮಾರಿದ್ದು ಅವರಿಗೂ ಗೂಗಲ್‌ಗೂ ಇರುವ ವ್ಯವಹಾರ. ನಿಮ್ಮದು ನಿಮ್ಮ ಹೆಸರು.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ಹಳೇ ಮೇಲ್‌ಗೆ ರಿಪ್ಲೈ ಮಾಡಬೇಡಿ, ಹೊಸದಾಗಿ ಹಾಕಿ. ಸಬ್ಜೆಕ್ಟ್ ಸಾಲಿನಲ್ಲಿ "ನಿದ್ದೆಯ ಲೇಖನ: ಆರನೇ ಪ್ಯಾರಾದಲ್ಲಿ ತಪ್ಪು ಮಾಹಿತಿ" ಅಂತಿರಲಿ.

"ನಮಸ್ಕಾರ. ನಿಮ್ಮ ಸೈಟಿನಲ್ಲಿ ಬಂದಿರುವ ನನ್ನ ನಿದ್ದೆಯ ಲೇಖನದ ಬಗ್ಗೆ ಬರೆಯುತ್ತಿದ್ದೇನೆ. ನನ್ನ ಹಿಂದಿನ ಮೇಲ್‌ನ ಧಾಟಿ ಸರಿ ಇರಲಿಲ್ಲ, ಕ್ಷಮಿಸಿ. ಆರನೇ ಪ್ಯಾರಾದಲ್ಲಿ ನಾನು ಒಂದು ಮಾತ್ರೆ ತೆಗೆದುಕೊಂಡೆ ಎಂದಿದೆ. ನಾನು ಅದನ್ನು ತೆಗೆದುಕೊಂಡಿಲ್ಲ. ನಾನು ಕಳಿಸಿದ್ದ ವಾಕ್ಯ ಈ ಕೆಳಗಿದೆ, ದಯವಿಟ್ಟು ಇದನ್ನೇ ಹಾಕಿ. ಅದು ಆಗದಿದ್ದರೆ ಲೇಖನದಿಂದ ನನ್ನ ಹೆಸರು ಮತ್ತು ಫೋಟೋ ತೆಗೆಯಿರಿ. ಎರಡರಲ್ಲಿ ಒಂದನ್ನು ಮುಂದಿನ ಶುಕ್ರವಾರದ ಒಳಗೆ ಮಾಡಿಕೊಡಿ. ಮೂಲ ಲೇಖನವನ್ನು ಮತ್ತೆ ಲಗತ್ತಿಸಿದ್ದೇನೆ."

ಇಷ್ಟೇ. ಬೈಗುಳ ಇಲ್ಲ, ಶೀರ್ಷಿಕೆಯ ಮಾತಿಲ್ಲ. ಸರಿಯಾದ ವಾಕ್ಯ ಅಲ್ಲೇ ಕೊಟ್ಟಿರುವುದರಿಂದ ಕಾಪಿ ಮಾಡಿ ಅಂಟಿಸಿದರೆ ಮುಗಿಯಿತು, ಎರಡು ನಿಮಿಷದ ಕೆಲಸ. ಸೋಮಾರಿಗೂ ಮಾಡಲು ಬರುವಷ್ಟು ಸಣ್ಣದಾಗಿ ಕೇಳಬೇಕು. ಕ್ಷಮೆ ಯಾಕೆ ಕೇಳಬೇಕು ಅಂತ ರಾತ್ರಿಪಾಳಿ ಕೇಳುತ್ತಾರೆ ಅಂತ ಗೊತ್ತು. ನಾಳೆ ಇದು ಎಲ್ಲಿಗಾದರೂ ಹೋದರೆ, ಹನ್ನೆರಡೂವರೆ ರಾತ್ರಿಯ ಆ ಮೇಲ್ ಅವರ ಕೈಯಲ್ಲಿ ಇದೆ. ಕ್ಷಮೆಯ ಸಾಲು ನಿಮ್ಮ ಕೈಯಲ್ಲಿ ಇರಲಿ.

ರಾತ್ರಿಪಾಳಿ:

ಕೇಳೋದೇ ಇಲ್ಲ ಬಿಡಿ. ಮೇಲ್ ಚೆನ್ನಾಗಿದೆ, ಒಪ್ಪಿಕೊಂಡೆ. ಶುಕ್ರವಾರವೂ ಆಗದಿದ್ದರೆ?

ಅಡಿಟಿಪ್ಪಣಿ:

ಆಗದಿದ್ದರೆ ಅನ್ನುವ ಭಾಗಕ್ಕೆ ನಾನು ಬರುತ್ತೇನೆ. ಹಕ್ಕುಸ್ವಾಮ್ಯದ ಕಾಗದಪತ್ರದಲ್ಲೇ ನನ್ನ ದಿನ ಕಳೆಯುತ್ತದೆ, ಆದರೆ ನಾನು ನಿಮ್ಮ ವಕೀಲನಲ್ಲ, ನೆನಪಿರಲಿ.

"ಪ್ರಕಟವಾದ ಮೇಲೆ ಲೇಖನ ಸೈಟಿನದು" ಅನ್ನುವುದು ಹೇಳಿದ ಮಾತ್ರಕ್ಕೆ ನಿಜವಾಗುವುದಿಲ್ಲ. ಬರೆದವರಿಗೆ ಹಕ್ಕು ಬರೆದ ಕೂಡಲೇ ಹುಟ್ಟುತ್ತದೆ, ಎಲ್ಲೂ ನೋಂದಣಿ ಬೇಕಿಲ್ಲ. ಈ ಮಾತು 1886ರ ಬರ್ನ್ ಒಪ್ಪಂದಕ್ಕೆ 1908ರಲ್ಲಿ ಸೇರಿತು, ಪ್ರಪಂಚದ ಬಹುಪಾಲು ದೇಶಗಳು ಅದರಲ್ಲಿ ಇವೆ. 1928ರಲ್ಲಿ ಅದಕ್ಕೆ 6 ಬಿಸ್ ಅನ್ನುವ ವಿಧಿ ಬಂತು. ಆರ್ಥಿಕ ಹಕ್ಕನ್ನು ಬೇರೆಯವರಿಗೆ ಕೊಟ್ಟ ಮೇಲೂ ಇದು ನನ್ನ ಬರಹ ಅನ್ನುವ ಹಕ್ಕು, ನನ್ನ ಗೌರವಕ್ಕೆ ಧಕ್ಕೆ ಬರುವ ಹಾಗೆ ತಿರುಚಬೇಡಿ ಅನ್ನುವ ಹಕ್ಕು ಬರೆದವರಲ್ಲೇ ಉಳಿಯುತ್ತದೆ ಅಂತ ಅದು ಹೇಳುತ್ತದೆ. ಜಾರಿ ಮಾತ್ರ ದೇಶದಿಂದ ದೇಶಕ್ಕೆ ಬೇರೆ, ಕೆಲವು ಕಡೆ ಗಟ್ಟಿ, ಕೆಲವು ಕಡೆ ತೆಳು.

ಆದರೆ ಲೇಖನ ಕಳಿಸುವಾಗ ಒಂದು ಫಾರ್ಮ್ ತುಂಬಿದ್ದೀರಾ? ಕೆಳಗೆ ಚೌಕದಲ್ಲಿ ಟಿಕ್ ಹಾಕಿದ್ದೀರಾ? ಅಲ್ಲಿ "ಎಲ್ಲ ಹಕ್ಕುಗಳೂ ನಮಗೆ, ಬದಲಾಯಿಸುವ ಅಧಿಕಾರವೂ ನಮಗೆ" ಅಂತ ಇದ್ದರೆ ಕಥೆ ಸ್ವಲ್ಪ ತಿರುಗುತ್ತದೆ. ಹೋಗಿ ಓದಿ ಬನ್ನಿ.

ಇನ್ನೊಂದು. ಇಂಥ ಚರ್ಚೆ ಬಂದಾಗೆಲ್ಲ ಯಾರಾದರೂ "ಡಿಎಂಸಿಎ ಹಾಕಿ" ಅನ್ನುತ್ತಾರೆ. ಅದು ಅಮೆರಿಕದ 1998ರ ಕಾನೂನು, ಕದ್ದ ಬರಹ ತೆಗೆಸಲು ಸೈಟಿಗೆ ಜಾಗ ಕೊಟ್ಟ ಹೋಸ್ಟಿಂಗ್ ಕಂಪನಿಗೆ ನೋಟಿಸ್ ಕೊಡುವ ದಾರಿ. ಇಲ್ಲಿ ಲೇಖನವನ್ನು ನೀವೇ ಕೊಟ್ಟಿದ್ದೀರಿ, ಹಾಕಿ ಅಂತ ಅನುಮತಿಯೂ ನಿಮ್ಮದೇ. ಅನುಮತಿ ಇಲ್ಲದೆ ಹಾಕಿದ್ದಾರೆ ಅಂತ ಗೊತ್ತಿದ್ದೂ ಸುಳ್ಳು ಬರೆದರೆ ನಷ್ಟ ತುಂಬಿಕೊಡುವ ಹೊಣೆ ನಿಮ್ಮ ತಲೆಗೇ ಬರುತ್ತದೆ. ಹಾಗಾಗಿ ಆ ಕಡೆ ಓಡಬೇಡಿ. ಶುಕ್ರವಾರ ದಾಟಿದರೆ ಅನುಮತಿ ವಾಪಸ್ ಪಡೆಯುತ್ತಿದ್ದೇನೆ ಅಂತ ಮೇಲ್ ಹಾಕಿ, ನಿಮ್ಮ ಬ್ಲಾಗಿನಲ್ಲಿ ಮೂಲ ವಾಕ್ಯ ಯಾವುದು, ಆ ಮಾತ್ರೆಗೂ ನನಗೂ ಸಂಬಂಧ ಇಲ್ಲ ಅಂತ ನಾಲ್ಕು ಸಾಲು ಬರೆದಿಡಿ. ಕಾನೂನಿನ ದಾರಿಯೇ ಬೇಕು ಅಂದರೆ ಆಗ ವಕೀಲರನ್ನು ನೋಡಿ.

ಮೊದಲಸಾಲು:

ನಾನು ಇನ್ನೂ ಒಂದೂ ಅತಿಥಿ ಲೇಖನ ಬರೆದಿಲ್ಲ, ಇದನ್ನು ಓದಿ ಶುರು ಮಾಡುವ ಮೊದಲೇ ಭಯ ಆಯ್ತು. ಬರೆಯುವ ಮೊದಲೇ ಇಂಥವರನ್ನು ಗುರುತಿಸುವುದು ಹೇಗೆ?

ಖಾಲಿಪುಟ:

ಪೂರ್ತಿ ಗುರುತಿಸೋಕೆ ಆಗಲ್ಲ. ಆದರೆ ಐಡಿಯಾ ಕಳಿಸುವ ಮುಂಚೆ ಆ ಸೈಟಿನ ಮೂರು ಹಳೇ ಅತಿಥಿ ಲೇಖನಗಳನ್ನು ನಿಧಾನವಾಗಿ ಓದಿ. ನಡುವೆ ಇದ್ದಕ್ಕಿದ್ದಂತೆ ಜೂಜಿನದೋ ಸಾಲದ್ದೋ ಲಿಂಕ್ ಬಂದರೆ ಅಲ್ಲಿಂದ ಎದ್ದು ಬನ್ನಿ. ಬರೆದ ಇಬ್ಬರಿಗೆ "ಅನುಭವ ಹೇಗಿತ್ತು?" ಅಂತ ಒಂದು ಮೆಸೇಜ್ ಹಾಕಿ, ನನಗೆ ಈವರೆಗೆ ಯಾರೂ ಉತ್ತರ ಕೊಡದೇ ಇಲ್ಲ. ಡೊಮೇನ್ ಅಥಾರಿಟಿ ಎಷ್ಟಿದೆ ಅಂತ ನೋಡಿ ಮರುಳಾಗಬೇಡಿ. ಸೈಟು ಹುಡುಕಾಟದಲ್ಲಿ ಎಷ್ಟು ಮೇಲೆ ಬರಬಹುದು ಅಂತ ಊಹಿಸುವ ಆ ಅಂಕ ಮಾಜ್ ಅನ್ನುವ ಕಂಪನಿಯ ಲೆಕ್ಕ, ಗೂಗಲ್‌ನದ್ದಲ್ಲ.

ಒಪ್ಪಿಕೊಂಡ ಮೇಲೆ, ಬರೆಯಲು ಕೂರುವ ಮುಂಚೆ, ಒಂದು ಸಣ್ಣ ಮೇಲ್. "ನಾವು ಮಾತಾಡಿಕೊಂಡ ಹಾಗೆ" ಅಂತ ಶುರು ಮಾಡಿ. ಪದಗಳು ಇಷ್ಟು, ತಿದ್ದುಪಡಿ ಎರಡು ಸುತ್ತು, ಪ್ರಕಟಿಸುವ ಮುಂಚೆ ಕೊನೆಯ ಪ್ರತಿ ನನಗೊಮ್ಮೆ ತೋರಿಸುತ್ತೀರಿ, ಪರಿಚಯದಲ್ಲಿ ಒಂದು ಲಿಂಕ್. ಸರಿ ಅಂದರೆ ಒಂದು ಉತ್ತರ ಹಾಕಿ ಅಂತ ಮುಗಿಸಿ. ಆ "ಸರಿ" ಅನ್ನುವ ಎರಡಕ್ಷರ ಆಮೇಲೆ ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಈಗ ಹೇಳಿದರೆ ಗೊತ್ತಾಗಲ್ಲ.

ಬಾಗಿಲಕಾವಲು:

ಇದಕ್ಕೆ ನನ್ನದೂ ಒಂದು. ಇಂಥ ಮೇಲ್ ಕಳಿಸಿದವರ ಮೇಲೆ ನನಗೆ ಒಂದು ಸಲವೂ ಬೇಜಾರಾಗಿಲ್ಲ. ಕೆಲಸ ಗೊತ್ತಿರುವವರು ಅನಿಸುತ್ತದೆ. ಬೇಜಾರು ಮಾಡಿಕೊಳ್ಳುವ ಓನರ್ ಸಿಕ್ಕರೆ ಅಲ್ಲೇ ಉತ್ತರ ಸಿಕ್ಕಿತು ಅಂದುಕೊಳ್ಳಿ.

ಮತ್ತೆ ಸೈಟು ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್‌ಗೆ ಲಾಗಿನ್ ಕೊಟ್ಟಿದ್ದಾರೆ ಅಂತ ಖುಷಿಪಡಬೇಡಿ. ಸಾಮಾನ್ಯವಾಗಿ ಅತಿಥಿಗಳಿಗೆ ಕಾಂಟ್ರಿಬ್ಯೂಟರ್ ಅಂತ ಕೊಡುತ್ತೇವೆ. ಬರೆಯಬಹುದು, ಪ್ರಕಟಿಸಲು ಆಗುವುದಿಲ್ಲ, ಒಮ್ಮೆ ನಾವು ಪ್ರಕಟಿಸಿದ ಮೇಲೆ ನಿಮ್ಮದೇ ಲೇಖನವನ್ನು ನೀವೇ ಮುಟ್ಟಲು ಬರುವುದಿಲ್ಲ. ಆಮೇಲೆ ಸರಿ ಮಾಡೋಣ ಅಂತ ತಪ್ಪು ಬಿಟ್ಟು ಕಳಿಸಿದವರೆಲ್ಲ ನನಗೇ ಫೋನ್ ಮಾಡುತ್ತಾರೆ.

ರಾತ್ರಿಪಾಳಿ:

ತಿದ್ದುಪಡಿ ಸುತ್ತಿನ ಮಾತು ಬಂದಿತಲ್ಲ, ನನ್ನದೊಂದು ಕೇಳಿ. ಮೊದಲು "ಇನ್ನೂ ಆಳ ಬೇಕು" ಅಂದರು, ಹೆಚ್ಚಿಸಿದೆ. "ತುಂಬಾ ಉದ್ದ ಆಯ್ತು" ಅಂದರು, ಕತ್ತರಿಸಿದೆ. "ಮೊದಲಿನ ಲವಲವಿಕೆ ಇಲ್ಲ" ಅಂದರು. ನಾಲ್ಕನೇ ಸಲ ಏನು ಮಾಡಿದೆ ಗೊತ್ತಾ? ಎಲ್ಲಕ್ಕಿಂತ ಮೊದಲು ಕಳಿಸಿದ್ದ ಪ್ರತಿಯನ್ನೇ ಫೈಲಿನ ಹೆಸರು ಬದಲಾಯಿಸಿ ಕಳಿಸಿದೆ. "ಈಗ ಸರಿ ಬಂತು ನೋಡಿ!" ಅಂತ ಉತ್ತರ.

ಇದು ಪ್ರೊಫೆಷನಲ್ ಅಲ್ಲ ಅಂತ ಹಳೆಪೆನ್ನು ಬಯ್ಯುತ್ತಾರೆ.

ಹಳೆಪೆನ್ನು:

ಬಯ್ಯಲ್ಲ. ನಾನೂ ಮಾಡಿದ್ದೇನೆ.

ಆದರೆ ಮೂರನೇ ಸುತ್ತಿಗೆ ನಿಲ್ಲಿಸುವುದು ಒಳ್ಳೆಯದು. "ಇದು ನಿಮ್ಮ ಸೈಟಿಗೆ ಹೊಂದುತ್ತಿಲ್ಲ ಅನಿಸುತ್ತದೆ, ಇವತ್ತಿನಿಂದ ಲೇಖನ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ, ಬೇರೆ ಕಡೆ ಕಳಿಸುತ್ತೇನೆ, ದಯವಿಟ್ಟು ಪ್ರಕಟಿಸಬೇಡಿ" ಅಂತ ತಾರೀಕು ಸಮೇತ ಬರೆದು ಆಮೇಲೆ ಬೇರೆಯವರಿಗೆ ಕೊಡಿ. ಸುಮ್ನೆ ಬೇರೆ ಕಡೆ ಕೊಟ್ಟರೆ ಎರಡೂ ಕಡೆ ಬರುತ್ತದೆ, ಬಾಗಿಲಕಾವಲು ಅವರಂಥವರ ಕೈಯಲ್ಲಿ ಕೆಟ್ಟ ಹೆಸರು ನಮಗೆ. ಉತ್ತರ ಕೊಡದೆ ಕಾಯಿಸುವವರಿಗೂ ಇದೇ ಮದ್ದು. ಎರಡು ವಾರಕ್ಕೊಂದು ನೆನಪೋಲೆ, ಇನ್ನೊಂದು ವಾರ ಬಿಟ್ಟು ವಾಪಸಾತಿಯ ಮೇಲ್.

ನೀಲಿಶಾಯಿ:

ಎಲ್ಲರಿಗೂ ಒಂದು ಅಪ್‌ಡೇಟ್. ಫಾರ್ಮ್ ಓದಿದೆ. "ಭಾಷೆ ಮತ್ತು ಉದ್ದದ ದೃಷ್ಟಿಯಿಂದ ತಿದ್ದುವ ಹಕ್ಕು" ಅಂತ ಮಾತ್ರ ಇದೆ. ಹಳೆಪೆನ್ನು ಅವರ ಮೇಲ್ ಹೆಚ್ಚುಕಡಿಮೆ ಹಾಗೇ ಕಳಿಸಿದೆ, ಈ ಸಲ ಬೆಳಿಗ್ಗೆ ಹತ್ತು ಗಂಟೆಗೆ. ಆರನೇ ದಿನ ಉತ್ತರ ಬಂತು. ಲೇಖನಗಳನ್ನು ನೋಡಿಕೊಳ್ಳುವ ಸಹಾಯಕರು ಹಾಕಿದ್ದಂತೆ, ತಮಗೆ ಗೊತ್ತಿರಲಿಲ್ಲವಂತೆ. ನಂಬಿದೆನಾ? ಇಲ್ಲ. ಆದರೆ ವಾಕ್ಯ ಸರಿಯಾಗಿದೆ, ಮಾತ್ರೆ ಹೋಗಿದೆ. ಓಟದ ಲೇಖನದವರು ನನ್ನ ಮೆಸೇಜ್ ನೋಡಿ ಗಾಬರಿಯಾಗಿ ಅವರೂ ಬರೆದರು, ಅಲ್ಲೂ ತೆಗೆದಿದ್ದಾರೆ. ಬೆನ್ನುನೋವಿನವರು ಇನ್ನೂ ಮೆಸೇಜ್ ನೋಡಿಲ್ಲ, ಅವರ ಹೆಸರಲ್ಲಿ ಮಾತ್ರೆ ಹಾಗೇ ಇದೆ.

ಬ್ಲಾಗಿನ ಲಿಂಕ್ ವಾಪಸ್ ಬಂದಿಲ್ಲ. ಕೇಳಲೂ ಇಲ್ಲ.

ಅದೇ ಮೇಲ್‌ನ ಕೊನೆಯಲ್ಲಿ "ನಿಮ್ಮ ಲೇಖನ ಜನ ತುಂಬಾ ಓದುತ್ತಿದ್ದಾರೆ, ಇನ್ನೊಂದು ಬರೆದುಕೊಡುತ್ತೀರಾ?" ಅಂತಿದೆ. ಬರೆಯಲಾ?

ರಾತ್ರಿಪಾಳಿ:

ಹಾ ಹಾ. ನಾನಂತೂ ಬರೆಯಲ್ಲ.

ಹಳೆಪೆನ್ನು:

ಖಾಲಿಪುಟ ಹೇಳಿದ "ನಾವು ಮಾತಾಡಿಕೊಂಡ ಹಾಗೆ" ಮೇಲ್ ಮೊದಲು ಕಳಿಸಿ. ಜೊತೆಗೆ ಒಂದು ಸಾಲು, ನನ್ನ ಅನುಭವ ಅಂತ ಬರೆದ ಯಾವ ವಾಕ್ಯವನ್ನೂ ನನ್ನನ್ನು ಕೇಳದೆ ಬದಲಾಯಿಸುವ ಹಾಗಿಲ್ಲ ಅಂತ. "ಸರಿ" ಅಂತ ಬಂದರೆ ಯೋಚನೆ ಮಾಡಿ.

ನೀಲಿಶಾಯಿ:

ಕಳಿಸಿ ಒಂಬತ್ತು ದಿನ ಆಯ್ತು. ಸದ್ದಿಲ್ಲ. ಆ ಲೇಖನ ಈಗ ನನ್ನ ಬ್ಲಾಗಿಗೇ ಬರೆಯುತ್ತಿದ್ದೇನೆ.